ಹದಿನಾಲ್ಕು ವರ್ಷ, ಮೂರು ಹೆಸರು: ಒಂದು ಕಲ್ಲಿದ್ದಲು ಹಡಗಿನ ಬದುಕು

ಪ್ರಶ್ನೆ: ಕ್ಯಾಪ್ಟನ್ ಜೇಮ್ಸ್ ಕುಕ್ ಆಸ್ಟ್ರೇಲಿಯಾಕ್ಕೆ ಹೋದ ‘ಎಂಡೆವರ್’ ಹಡಗು ಮೊದಲು ಕಲ್ಲಿದ್ದಲು ಸಾಗಿಸುತ್ತಿತ್ತು ಎಂದು ಓದಿದೆ. ಬ್ರಿಟಿಷ್ ನೌಕಾಪಡೆಯ ಹತ್ತಿರ ಅಷ್ಟೊಂದು ಒಳ್ಳೆಯ ಹಡಗುಗಳಿದ್ದಾಗ ಹಳೇ ಸರಕು ಹಡಗನ್ನು ಯಾಕೆ ಕೊಂಡರು? ಕುಕ್ ತಾನೇ ಅದನ್ನು ಆರಿಸಿದನಾ? ಆಮೇಲೆ ಅದು ಏನಾಯಿತು? ಅಮೆರಿಕದ ಸಮುದ್ರದಲ್ಲಿ ಸಿಕ್ಕಿದೆ ಅಂತ ಸುದ್ದಿ ಬಂತು, ಅದಲ್ಲ ಅಂತಲೂ ಬಂತು. ಯಾವುದನ್ನು ನಂಬಬೇಕು?
– ಕುಮಟಾದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಆಮೇಲೆ ಅದು ಏನಾಯಿತು’ ಎನ್ನುವ ಮಾತು. ಎಂಡೆವರ್ ಬಗ್ಗೆ ಬರುವ ಪ್ರಶ್ನೆಗಳೆಲ್ಲ ಹೆಚ್ಚಾಗಿ ಕುಕ್ ಬಗ್ಗೆಯೇ ಇರುತ್ತವೆ. ಹಡಗನ್ನು ಕೇಳುವವರು ಕಡಿಮೆ. ಈ ಹಡಗು ನೀರಿಗಿಳಿದದ್ದು 1764ರಲ್ಲಿ, ಮುಳುಗಿದ್ದು 1778ರಲ್ಲಿ. ಒಟ್ಟು ಹದಿನಾಲ್ಕು ವರ್ಷದ ಆಯುಸ್ಸು. ಅದರಲ್ಲಿ ಕುಕ್ ಜೊತೆ ಸಮುದ್ರದಲ್ಲಿ ಕಳೆದದ್ದು ಮೂರೇ ವರ್ಷ. ಉಳಿದಷ್ಟು ಕಾಲವೂ ಅದು ಹೊರೆ ಹೊತ್ತು ದುಡಿದ ಹಡಗು. ಕಲ್ಲಿದ್ದಲು ಹೊತ್ತಿತು, ದೂರದ ಕಾವಲುಪಡೆಗೆ ದಿನಸಿ ಹೊತ್ತಿತು, ಬಾಡಿಗೆ ಸೈನಿಕರನ್ನು ಹೊತ್ತಿತು, ಕೊನೆಗೆ ಕೈದಿಗಳನ್ನೂ ಇಟ್ಟುಕೊಂಡಿತು. ಆ ಹೊರೆಯ ವರ್ಷಗಳನ್ನು ತಿಳಿಯದೆ ಆ ಮೂರು ವರ್ಷ ಅರ್ಥವಾಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಯಾರ್ಕ್‌ಷೈರ್ ಭಾಗದಲ್ಲಿ, ಎಸ್ಕ್ ಎಂಬ ಹೊಳೆ ಸಮುದ್ರ ಸೇರುವ ಕಡೆ ವಿಟ್‌ಬಿ ಎಂಬ ಊರಿದೆ. ಮೀನು ಮತ್ತು ಹಡಗು, ಇವೆರಡರಿಂದಲೇ ಬದುಕಿದ ಊರು. ಅಲ್ಲಿ ಥಾಮಸ್ ಫಿಶ್‌ಬರ್ನ್ ಎಂಬವನ ಹಡಗು ಕಟ್ಟುವ ಕಟ್ಟೆಯಲ್ಲಿ ಥಾಮಸ್ ಮಿಲ್ನರ್ ಎಂಬ ಮಾಲೀಕನಿಗಾಗಿ ಇದನ್ನು ಕಟ್ಟಿದರು. 1764ರ ಜೂನ್‌ನಲ್ಲಿ ನೀರಿಗಿಳಿಸಿದರು. ಇಟ್ಟ ಹೆಸರು ‘ಅರ್ಲ್ ಆಫ್ ಪೆಂಬ್ರೋಕ್’. ಹೆಸರು ದೊಡ್ಡ ಜಮೀನುದಾರನದ್ದು, ಕೆಲಸ ಮಸಿ ಹೊರುವುದು.

ಉದ್ದ ಸುಮಾರು 106 ಅಡಿ. ನಮ್ಮ ಮೂರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೆ ಅದಕ್ಕಿಂತ ಸ್ವಲ್ಪ ಕಮ್ಮಿ. ಅಗಲ 29 ಅಡಿ 3 ಇಂಚು. ಕಾಗದದಲ್ಲಿ 368 ಟನ್ ಎಂದಿದೆ. ಇದು ಹಡಗಿನ ತೂಕ ಅಲ್ಲ. ಉದ್ದ, ಅಗಲ ಹಿಡಿದು ಒಳಗೆ ಎಷ್ಟು ಸರಕು ಹಿಡಿಯುತ್ತದೆ ಎಂದು ಲೆಕ್ಕ ಹಾಕುವ ಆ ಕಾಲದ ಅಳತೆ. ಒಡಲಿಗೆ ಓಕ್ ಮರ, ಮೂರು ಕೂವೆಮರ. ಮೂತಿ ಚೂಪಾಗಿರಲಿಲ್ಲ, ಕೊಡದ ಹೊಟ್ಟೆಯ ಹಾಗೆ ಗುಂಡಗಿತ್ತು. ದೊಡ್ಡ ಹಡಗುಗಳ ಮೂತಿಯಲ್ಲಿ ಕೆತ್ತಿ ಕೂರಿಸುತ್ತಿದ್ದ ಸಿಂಹವೋ ಹೆಣ್ಣೋ ಇದಕ್ಕಿರಲಿಲ್ಲ. ಪಕ್ಕೆಗಳು ನೇರ. ತಳ ಅಗಲ, ಚಪ್ಪಟೆ.

ಈ ಚಪ್ಪಟೆ ತಳದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಡೀ ಕಥೆಯ ಬೇರು ಅಲ್ಲಿದೆ.

ಇಳಿತದ ಹೊತ್ತಿಗೆ ಅಘನಾಶಿನಿ ಅಳಿವೆಯ ಕೆಸರಿನ ಮೇಲೆ ದೋಣಿಗಳು ಕೂತಿರುವುದನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಕರಾವಳಿಯಲ್ಲಿ ಸಮುದ್ರ ಆಳೆತ್ತರಕ್ಕಿಂತ ಜಾಸ್ತಿ ಏರಿ ಇಳಿಯುವುದಿಲ್ಲ. ವಿಟ್‌ಬಿ ಕಡೆ ದೊಡ್ಡ ಉಬ್ಬರದ ದಿನ ಹದಿನೈದು ಅಡಿಯಷ್ಟು ವ್ಯತ್ಯಾಸ ಆಗುತ್ತದೆ. ಬೆಳಗ್ಗೆ ಹಡಗು ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಒದ್ದೆ ಮರಳು. ಅಂಥ ಕಡೆ ಚೂಪು ತಳದ ಹಡಗು ಬಂದರೆ ನೀರು ಇಳಿದ ಕೂಡಲೇ ಪಕ್ಕಕ್ಕೆ ವಾಲಿ ಬೀಳುತ್ತದೆ, ಅದರ ಭಾರಕ್ಕೆ ಅದರ ಪಕ್ಕೆಯೇ ಒಡೆಯುತ್ತದೆ. ಚಪ್ಪಟೆ ತಳದ್ದು ಕೂರುಮಣೆಯ ಹಾಗೆ ನೆಟ್ಟಗೆ ಕೂತುಬಿಡುತ್ತದೆ. ಜನ ಇಳಿದು ಸರಕು ಇಳಿಸಬಹುದು, ತಳ ಕೆರೆಯಬಹುದು, ಬಿರುಕಿಗೆ ನಾರು ತುಂಬಿ ಡಾಂಬರು ಬಳಿಯಬಹುದು. ಮುಂದಿನ ಉಬ್ಬರ ಬಂದಾಗ ತಾನಾಗಿ ತೇಲಿ ಹೊರಡುತ್ತದೆ. ದುಡ್ಡು ಕೊಟ್ಟು ಡಾಕ್‌ಗೆ, ಅಂದರೆ ಹಡಗು ರಿಪೇರಿ ಮಾಡುವ ಕಟ್ಟೆಗೆ, ಹೋಗುವ ತಾಪತ್ರಯವೇ ಇಲ್ಲ.

ಕಲ್ಲಿದ್ದಲು ವ್ಯಾಪಾರಕ್ಕೆ ಇದೇ ಬೇಕಿತ್ತು. ಲಂಡನ್ನಿನ ಒಲೆಗಳೆಲ್ಲ ಉತ್ತರದ ಟೈನ್ ನದಿ ಕಡೆಯ ಗಣಿಗಳ ಕಲ್ಲಿದ್ದಲಿನಿಂದ ಉರಿಯುತ್ತಿದ್ದವು. ರೈಲು ಇಲ್ಲದ ಕಾಲ. ರಸ್ತೆಯಲ್ಲಿ ಗಾಡಿ ಹೂಡಿ ಅಷ್ಟು ಭಾರ ಒಯ್ದರೆ ಬೆಲೆ ಮುಗಿಲು ಮುಟ್ಟುತ್ತದೆ. ಹಾಗಾಗಿ ಸಮುದ್ರವೇ ದಾರಿ. ಕಲ್ಲಿದ್ದಲಿಗೆ ಬೆಲೆ ಕಮ್ಮಿ, ತೂಕ ಜಾಸ್ತಿ. ಅದರಲ್ಲಿ ಲಾಭ ಬರಬೇಕೆಂದರೆ ಹಡಗಿನ ಹೊಟ್ಟೆ ದೊಡ್ಡದಿರಬೇಕು, ಸಂಬಳದ ಆಳು ಕಮ್ಮಿ ಇರಬೇಕು. ಇಷ್ಟು ದೊಡ್ಡ ಹಡಗನ್ನು ಇಪ್ಪತ್ತರ ಒಳಗಿನ ಜನ ನಡೆಸುತ್ತಿದ್ದರು. ವೇಗ ಯಾರಿಗೂ ಬೇಕಿರಲಿಲ್ಲ. ಎಂಥ ಒಳ್ಳೆ ಗಾಳಿಯಲ್ಲೂ ಇದು 7-8 ನಾಟ್, ಅಂದರೆ ಗಂಟೆಗೆ 13-15 ಕಿಲೋಮೀಟರ್, ದಾಟುತ್ತಿರಲಿಲ್ಲ.

ದಾರಿ ಮಾತ್ರ ಸುಲಭದ್ದಲ್ಲ. ಆ ಕರಾವಳಿಯುದ್ದಕ್ಕೂ ಮರಳಿನ ದಿಬ್ಬಗಳು, ಅವೂ ಇದ್ದಲ್ಲೇ ಇರುವುದಿಲ್ಲ. ಮಂಜು, ಚಳಿಗಾಳಿ, ಬಲವಾದ ಸೆಳೆತ. ಆಗಿನ ಕಾಲದಲ್ಲಿ ಕಲ್ಲಿದ್ದಲು ಹಡಗುಗಳನ್ನೇ ನಾವಿಕರ ಪಾಠಶಾಲೆ ಎನ್ನುತ್ತಿದ್ದರು. ಜೇಮ್ಸ್ ಕುಕ್ ಕಲಿತದ್ದೂ ಅಲ್ಲೇ. ಕೂಲಿ ಕೆಲಸದವನ ಮಗ. 1746ರಲ್ಲಿ ವಿಟ್‌ಬಿಯ ಜಾನ್ ವಾಕರ್ ಎಂಬ ಹಡಗು ಮಾಲೀಕನ ಹತ್ತಿರ ಕೆಲಸ ಕಲಿಯಲು ಸೇರಿದ. ಬೇಸಿಗೆಯಲ್ಲಿ ಸಮುದ್ರ, ಚಳಿಗಾಲದಲ್ಲಿ ವಾಕರ್ ಮನೆಯಲ್ಲಿ ಗಣಿತ ಮತ್ತು ನೌಕಾಶಾಸ್ತ್ರದ ಓದು. 1755ರಲ್ಲಿ ವಾಕರ್ ಅವನಿಗೆ ಒಂದು ಹಡಗಿನ ಮುಖ್ಯಸ್ಥನ ಕೆಲಸ ಕೊಡಲು ಮುಂದೆ ಬಂದ. ಕುಕ್ ಅದನ್ನು ಬಿಟ್ಟು ನೌಕಾಪಡೆಗೆ ಸಾಮಾನ್ಯ ಖಲಾಸಿಯಾಗಿ ಸೇರಿದ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. 1769ರ ಜೂನ್ 3ಕ್ಕೆ ಶುಕ್ರಗ್ರಹ ಸೂರ್ಯನ ಮುಂದೆ ಹಾದು ಹೋಗುವುದಿತ್ತು. ಅದನ್ನು ಭೂಮಿಯ ಬೇರೆ ಬೇರೆ ಕಡೆಯಿಂದ ನೋಡಿ ಹೊತ್ತು ಬರೆದಿಟ್ಟರೆ ಸೂರ್ಯ ಎಷ್ಟು ದೂರ ಇದ್ದಾನೆ ಎಂದು ಲೆಕ್ಕ ಹಾಕಬಹುದು. ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ರಾಜನಿಗೆ ಅರ್ಜಿ ಕೊಟ್ಟಿತು. ದಕ್ಷಿಣ ಸಮುದ್ರಕ್ಕೆ ಒಂದು ಹಡಗು ಕಳಿಸಲು ನೌಕಾಪಡೆ ಒಪ್ಪಿತು. ಪಡೆಯ ಹತ್ತಿರ ಹಡಗುಗಳಿದ್ದವು ನಿಜ. ಆದರೆ ಯುದ್ಧನೌಕೆ ಎಂದರೆ ವೇಗ, ತೋಪು, ತೋಪು ಹಾರಿಸುವ ನೂರಾರು ಜನ. ಒಂದೂವರೆ ವರ್ಷಕ್ಕೆ ಆಗುವಷ್ಟು ದಿನಸಿ ತುಂಬಲು ಅದರಲ್ಲಿ ಜಾಗ ಎಲ್ಲಿ? ನಕ್ಷೆಯಿಲ್ಲದ ತೀರದಲ್ಲಿ ತಳ ತಾಗಿದರೆ ಸಾವಿರಾರು ಮೈಲಿಯೊಳಗೆ ಡಾಕ್ ಎಲ್ಲಿ? ಹೊಟ್ಟೆ ದೊಡ್ಡದಿರಬೇಕು, ನೆಲದ ಮೇಲೆ ನೆಟ್ಟಗೆ ಕೂರಬೇಕು. ಇವೆರಡೂ ಗುಣ ಇದ್ದದ್ದು ಕಲ್ಲಿದ್ದಲು ಹಡಗಿನಲ್ಲಿ.

1768ರ ಮಾರ್ಚ್‌ನಲ್ಲಿ ಥೇಮ್ಸ್ ನದಿಯಲ್ಲಿದ್ದ ಕೆಲವು ಹಡಗುಗಳನ್ನು ಅಧಿಕಾರಿಗಳು ಪರೀಕ್ಷೆ ಮಾಡಿದರು. ಅರ್ಲ್ ಆಫ್ ಪೆಂಬ್ರೋಕ್‌ಗೆ ಆಗ ಮೂರು ವರ್ಷ ಒಂಬತ್ತು ತಿಂಗಳು. ಅಂದರೆ ‘ಹಳೇ’ ಹಡಗು ಅಂತ ನೀವು ಬರೆದಿದ್ದೀರಲ್ಲ, ಅದು ಅಷ್ಟು ಸರಿಯಲ್ಲ. ಪ್ರಾಯದ ಹಡಗೇ. ಕೊಟ್ಟ ಬೆಲೆ 2,840 ಪೌಂಡ್ 10 ಶಿಲ್ಲಿಂಗ್ 11 ಪೆನ್ಸ್. ಚಿಲ್ಲರೆ ಕಾಸನ್ನೂ ಬಿಡದೆ ಬರೆದಿಟ್ಟ ಆ ಲೆಕ್ಕದವರಿಗೆ ನಾನು ಋಣಿ. ಅವರಿಂದಾಗಿಯೇ ಇವತ್ತು ಇಷ್ಟು ಹೇಳಲು ಆಗುತ್ತಿರುವುದು.

ಕುಕ್ ಇದನ್ನು ಆರಿಸಿದನಾ? ಇಲ್ಲ. ಈ ಮಾತು ತುಂಬಾ ಕಡೆ ಓಡಾಡುತ್ತಿದೆ. ಹಡಗು ಕೊಂಡದ್ದು ಮಾರ್ಚ್ ಕೊನೆಯಲ್ಲಿ. ಕುಕ್‌ಗೆ ಲೆಫ್ಟಿನೆಂಟ್ ಪದವಿ ಮತ್ತು ಹಡಗಿನ ಅಧಿಕಾರ ಸಿಕ್ಕಿದ್ದು ಮೇ ತಿಂಗಳಲ್ಲಿ. ಹಡಗೇ ಮೊದಲು, ಕ್ಯಾಪ್ಟನ್ ಆಮೇಲೆ. ಕುಕ್‌ನ ಮನಸ್ಸು ತಿಳಿಯಬೇಕಾದರೆ ಅವನ ಮುಂದಿನ ಪ್ರಯಾಣಗಳನ್ನು ನೋಡಿ. ರೆಸಲ್ಯೂಷನ್, ಅಡ್ವೆಂಚರ್, ಡಿಸ್ಕವರಿ, ಮೂರೂ ವಿಟ್‌ಬಿಯಲ್ಲಿ ಕಟ್ಟಿದ ಸರಕು ಹಡಗುಗಳು. ಅವುಗಳಲ್ಲಿ ಮೊದಲ ಎರಡು ಇದೇ ಫಿಶ್‌ಬರ್ನ್ ಕಟ್ಟೆಯಿಂದ ಬಂದವು. ಅನುಭವ ಆದಮೇಲೂ ಮತ್ತೆ ಅದೇ ಜಾತಿಯ ಹಡಗು ಬೇಕೆಂದದ್ದು ಸಣ್ಣ ಪ್ರಶಂಸೆಯಲ್ಲ, ಅಲ್ವಾ?

ಡೆಪ್ಟ್‌ಫರ್ಡ್‌ನ ಡಾಕ್‌ನಲ್ಲಿ ಹಡಗನ್ನು ಸಜ್ಜು ಮಾಡಿದರು. ಕಲ್ಲಿದ್ದಲು ತುಂಬುತ್ತಿದ್ದ ಹೊಟ್ಟೆಯೊಳಗೆ ಜನ ಮಲಗಲು ಹೊಸ ಅಟ್ಟ ಹಾಕಿದರು. ಬಿಸಿನೀರಿನ ಸಮುದ್ರಗಳಲ್ಲಿ ಮರ ಕೊರೆಯುವ ಹುಳದ ಕಾಟ ಜಾಸ್ತಿ. ಹುಳ ಅನ್ನುತ್ತೇವೆ, ನಿಜವಾಗಿ ಅದು ಮರುವಾಯಿಯ ದೂರದ ನೆಂಟ. ನಿಮ್ಮೂರಿನ ಮರದ ದೋಣಿಯವರನ್ನು ಕೇಳಿದರೆ ಅದರ ಹಾವಳಿ ಗೊತ್ತಾಗುತ್ತದೆ. ಅದಕ್ಕಾಗಿ ತಳದ ಹಲಗೆಯ ಮೇಲೆ ಇನ್ನೊಂದು ತೆಳು ಹಲಗೆಯ ಹೊದಿಕೆ ಹೊಡೆದರು. ಅದರ ಮೇಲೆ ಅಗಲ ತಲೆಯ ಮೊಳೆಗಳನ್ನು ಒತ್ತೊತ್ತಾಗಿ ಬಡಿದರು. ತಾಮ್ರದ ತಗಡು ಹೊದಿಸಬಹುದಿತ್ತಲ್ಲ ಎಂದು ಕೇಳಬಹುದು. ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಮೇಲೆ ಅದನ್ನು ಪ್ರಯೋಗ ಮಾಡಿತ್ತು. ಹುಳ ದೂರ ಉಳಿಯಿತು, ಆದರೆ ಉಪ್ಪುನೀರಿನಲ್ಲಿ ತಾಮ್ರ ತಾಗಿದ ಕಬ್ಬಿಣದ ಮೊಳೆಗಳು ಸವೆದು ಹೋದವು. ದೂರದ ತೀರದಲ್ಲಿ ತಗಡು ಕಿತ್ತುಬಂದರೆ ಸರಿಮಾಡುವುದೂ ಕಷ್ಟ. ಮರಕ್ಕೆ ಮರ ಎಲ್ಲಿ ಬೇಕಾದರೂ ಸಿಗುತ್ತದೆ.

ಹೊಸ ಹೆಸರು ಎಂಡೆವರ್. 1768ರ ಆಗಸ್ಟ್ 26ರಂದು ಪ್ಲಿಮತ್‌ನಿಂದ ಹೊರಟಾಗ ಅದರಲ್ಲಿ 94 ಜನ. ಇಪ್ಪತ್ತು ಜನ ಇರುತ್ತಿದ್ದ ಹಡಗಿನಲ್ಲಿ ತೊಂಬತ್ತನಾಲ್ಕು! ಜೊತೆಗೆ ಹತ್ತು ತೋಪು, 7,860 ಪೌಂಡ್ ತೂಕದ ಹುಳಿ ಬರಿಸಿದ ಎಲೆಕೋಸು, ಜೋಸೆಫ್ ಬ್ಯಾಂಕ್ಸ್ ಎಂಬ ಶ್ರೀಮಂತ ಸಸ್ಯಶಾಸ್ತ್ರಿ, ಅವನ ಚಿತ್ರಕಾರರು, ಆಳುಗಳು, ನಾಯಿಗಳು. ಹಾಲಿಗೆ ಒಂದು ಮೇಕೆ. ಆ ಮೇಕೆ ಇನ್ನೊಂದು ಹಡಗಿನಲ್ಲಿ ಆಗಲೇ ಒಮ್ಮೆ ಭೂಮಿ ಸುತ್ತಿ ಬಂದಿತ್ತು.

ರಿಯೋ ಡಿ ಜನೈರೋದಲ್ಲಿ ನಡೆದದ್ದನ್ನು ಹೇಳಲೇಬೇಕು. ಅಲ್ಲಿನ ಪೋರ್ಚುಗೀಸ್ ವೈಸ್‌ರಾಯ್ ಹಡಗನ್ನು ನೋಡಿದ. ಇದು ಇಂಗ್ಲೆಂಡ್ ರಾಜನ ಹಡಗು ಅಂತ ಏನು ಮಾಡಿದರೂ ಅವನು ನಂಬಲಿಲ್ಲ. ರಾಜನ ಹಡಗಿಗೆ ಇಂಥ ಗುಂಡು ಮೂತಿ ಇರುತ್ತದಾ? ಕಳ್ಳಸಾಗಣೆಯವರೇ ಇರಬೇಕು ಎಂದು ಕಾವಲು ಹಾಕಿದ. ಶುಕ್ರನನ್ನು ನೋಡಲು ಹೊರಟಿದ್ದೇವೆ ಅಂತ ಹೇಳಿದ್ದು ಅನುಮಾನವನ್ನು ಇನ್ನೂ ಹೆಚ್ಚಿಸಿತು.

ಟಹೀಟಿಯಲ್ಲಿ ಶುಕ್ರನ ವೀಕ್ಷಣೆ, ಅಲ್ಲಿಂದ ಜೊತೆಗೂಡಿದ ಟುಪಾಯಾ ಎಂಬ ಪಾಲಿನೇಷ್ಯಾದ ನೌಕಾಜ್ಞಾನಿ, ನ್ಯೂಜಿಲೆಂಡ್ ಸುತ್ತಿ ಮಾಡಿದ ನಕ್ಷೆ, ಇವೆಲ್ಲ ನಿಮಗೆ ಬೇರೆ ಕಡೆ ಓದಲು ಸಿಗುತ್ತವೆ. ಒಂದು ವಿಷಯ ಬಿಡಲಾರೆ. 1769ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ನೆಲಕ್ಕೆ ಇಳಿದ ಮೊದಲ ದಿನಗಳಲ್ಲೇ ಇವರ ಗುಂಡಿಗೆ ಹಲವು ಮಾವೊರಿ ಜನ ಸತ್ತರು. 1770ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಬಾಟನಿ ಕೊಲ್ಲಿಯಲ್ಲಿ ದಡದಲ್ಲಿ ತಡೆದು ನಿಂತ ಇಬ್ಬರ ಮೇಲೆ ಗುಂಡು ಹಾರಿಸಿಯೇ ಇಳಿದರು. ಈ ಹಡಗಿನ ಹೆಸರು ಕೇಳಿದರೆ ಅಲ್ಲಿನ ಮೂಲ ಜನರಿಗೆ ನೆನಪಾಗುವುದು ಇದು.

ಈಗ 1770ರ ಜೂನ್ 11ರ ರಾತ್ರಿಗೆ ಹೋಗೋಣ. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿ. ಬೆಳದಿಂಗಳು, ತಿಳಿಯಾದ ಆಕಾಶ. ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡುತ್ತಾ ಸಾಗಿದ್ದರು. ಹದಿನೇಳು ಮಾರು ಆಳ ಸಿಕ್ಕಿತು. ಹಗ್ಗ ಎಳೆದು ಮತ್ತೊಮ್ಮೆ ಎಸೆಯುವಷ್ಟರಲ್ಲಿ ಹಡಗು ಹವಳದ ದಿಬ್ಬಕ್ಕೆ ಬಡಿದು ನಿಂತಿತು. ಹೊತ್ತು ಹನ್ನೊಂದರ ಆಸುಪಾಸು. ಕೆಟ್ಟ ಗಳಿಗೆ ಎಂದರೆ ಆಗ ಉಬ್ಬರ ತುದಿ ಮುಟ್ಟಿತ್ತು. ಇನ್ನು ನೀರು ಇಳಿಯುವುದೇ.

ಭಾರ ಇಳಿಸಲು ಶುರು ಮಾಡಿದರು. ಆರು ತೋಪು, ತಳದಲ್ಲಿ ಹಾಕಿದ್ದ ಕಲ್ಲು-ಕಬ್ಬಿಣದ ಭಾರ, ಪೀಪಾಯಿಗಳು, ಕೆಟ್ಟ ದಿನಸಿ, ಒಟ್ಟು 40-50 ಟನ್ ಸಮುದ್ರಕ್ಕೆ ಹೋಯಿತು. ಮರುದಿನ ಹಗಲಿನ ಉಬ್ಬರ ಸಾಲಲಿಲ್ಲ, ಒಂದೂವರೆ ಅಡಿ ಕಡಿಮೆ ಬಿತ್ತು. ಮೂರು ಪಂಪುಗಳು ಕೆಲಸ ಮಾಡುತ್ತಿದ್ದವು. ಅಧಿಕಾರಿ, ಖಲಾಸಿ, ಬ್ಯಾಂಕ್ಸ್ ಎಲ್ಲರೂ ಸರದಿ ಹಚ್ಚಿ ಒತ್ತಿದರು. ಮರುದಿನ ರಾತ್ರಿಯ ಉಬ್ಬರಕ್ಕೆ ಲಂಗರಿನ ಹಗ್ಗ ಎಳೆದೆಳೆದು ಹಡಗನ್ನು ಬಿಡಿಸಿಕೊಂಡರು. ಸುಮಾರು ಇಪ್ಪತ್ತಮೂರು ಗಂಟೆ ಅದು ಕಲ್ಲಿನ ಮೇಲಿತ್ತು.

ಆಗ ಒಂದು ಸಣ್ಣ ತಪ್ಪು ಎಲ್ಲರ ಎದೆ ಒಡೆಯುವಂತೆ ಮಾಡಿತು. ಹಡಗಿನೊಳಗಿನ ನೀರು ಅಳೆಯುವ ಸರದಿ ಬದಲಾಯಿತು. ಹೊಸಬ ಬೇರೆ ಗುರುತಿನಿಂದ ಅಳೆದ. ಒಮ್ಮೆಲೇ ಒಂದೂವರೆ ಅಡಿಯಷ್ಟು ನೀರು ಏರಿದಂತೆ ಕಂಡಿತು. ಇನ್ನು ಮುಗಿಯಿತು ಅಂದುಕೊಂಡರು. ತಪ್ಪು ಗೊತ್ತಾದ ಮೇಲೆ ಹೋದ ಜೀವ ಬಂದಂತಾಗಿ ಎಲ್ಲರೂ ದುಪ್ಪಟ್ಟು ಬಲದಿಂದ ಪಂಪು ಒತ್ತಿದರು ಎಂದು ಕುಕ್ ಬರೆದಿದ್ದಾನೆ.

ತೂತು ಮುಚ್ಚಬೇಕಿತ್ತು. ಅದು ನೀರಿನ ಕೆಳಗಿದೆ. ಜೊನಾಥನ್ ಮಂಕ್‌ಹೌಸ್ ಎಂಬ ಹುಡುಗ ಅಧಿಕಾರಿ ಒಂದು ಉಪಾಯ ಹೇಳಿದ. ಅವನು ಹಿಂದೆ ಒಂದು ವ್ಯಾಪಾರಿ ಹಡಗಿನಲ್ಲಿದ್ದ. ಅದು ಸೋರುತ್ತಿದ್ದರೂ ಇದೇ ಉಪಾಯದಿಂದ ವರ್ಜೀನಿಯಾದಿಂದ ಲಂಡನ್‌ವರೆಗೂ ಬಂದು ಮುಟ್ಟಿತ್ತು. ಹಳೇ ಹಗ್ಗದ ನಾರು ಮತ್ತು ಉಣ್ಣೆಯನ್ನು ಸಣ್ಣಗೆ ಕತ್ತರಿಸಿ, ಮುದ್ದೆ ಮಾಡಿ, ಒಂದು ಹಾಯಿಬಟ್ಟೆಯ ಮೇಲೆ ಅಲ್ಲಲ್ಲಿ ಅಂಟಿಸಬೇಕು. ಮೇಲೆ ಕುರಿ ಹಿಕ್ಕೆ ಮೆತ್ತಬೇಕು. ಆ ಬಟ್ಟೆಯನ್ನು ಹಗ್ಗ ಕಟ್ಟಿ ಹಡಗಿನ ಅಡಿಯಿಂದ ಎಳೆಯಬೇಕು. ತೂತಿನ ಹತ್ತಿರ ಬಂದ ಕೂಡಲೇ ಒಳನುಗ್ಗುವ ನೀರೇ ಆ ಮುದ್ದೆಯನ್ನು ತೂತಿಗೆ ತುರುಕುತ್ತದೆ. ಮಾಡಿದರು. ಸೋರಿಕೆ ಎಷ್ಟು ಕಮ್ಮಿ ಆಯಿತೆಂದರೆ ಒಂದೇ ಪಂಪು ಸಾಕಾಯಿತು. ನಾನು ಈ ಭಾಗವನ್ನು ಓದಿದಾಗಲೆಲ್ಲ ನಿಲ್ಲುತ್ತೇನೆ. ರಾಜನ ಹಡಗನ್ನು ಉಳಿಸಿದ್ದು ಹೊಗೆಸೊಪ್ಪಿನ ದಾರಿಯ ಯಾವುದೋ ವ್ಯಾಪಾರಿ ಹಡಗಿನಲ್ಲಿ ಕಲಿತ ವಿದ್ಯೆ.

ಒಂದು ಹೊಳೆಯ ಬಾಯಿ ಸಿಕ್ಕಿತು. ಇವತ್ತು ಅಲ್ಲಿ ಕುಕ್‌ಟೌನ್ ಎಂಬ ಊರಿದೆ. ಉಬ್ಬರದಲ್ಲಿ ಹಡಗನ್ನು ದಡಕ್ಕೆ ಏರಿಸಿದರು. ನೀರು ಇಳಿಯಿತು. ಹಡಗು ಮರಳಿನ ಮೇಲೆ ಕೂತಿತು. ಯಾರ್ಕ್‌ಷೈರ್‌ನ ಮರಳಿನ ಮೇಲೆ ಕೂರಲಿ ಎಂದು ಫಿಶ್‌ಬರ್ನ್‌ನ ಬಡಗಿಗಳು ಆ ತಳ ಕೆತ್ತಿದ್ದರು. ಭೂಮಿಯ ಇನ್ನೊಂದು ತುದಿಯಲ್ಲಿ ಅದು ತೊಂಬತ್ತು ಜೀವ ಉಳಿಸಿತು. ಕೆಳಗೆ ಹೋಗಿ ನೋಡಿದರೆ ಹಲಗೆಗಳು ಕೊಡಲಿಯಿಂದ ಕಡಿದ ಹಾಗೆ ಕತ್ತರಿಸಿ ಹೋಗಿದ್ದವು. ಒಂದು ತೂತಿನಲ್ಲಿ ಮಾತ್ರ ಮುರಿದ ಹವಳದ ದೊಡ್ಡ ತುಂಡು ಬಿರಡೆಯ ಹಾಗೆ ಸಿಕ್ಕಿಕೊಂಡಿತ್ತು. ಅದು ಕಳಚಿ ಬಿದ್ದಿದ್ದರೆ ಹಾಯಿಬಟ್ಟೆಯ ಉಪಾಯವೂ ನಡೆಯುತ್ತಿರಲಿಲ್ಲ.

ಸುಮಾರು ಏಳು ವಾರ ಅಲ್ಲಿದ್ದರು. ಅದು ಗುಗು ಯಿಮಿದಿರ್ ಜನರ ನೆಲ. ಕಾಂಗರೂ ಎಂಬ ಪದ ಅವರ ‘ಗಂಗುರು’ ಎಂಬ ಮಾತಿನಿಂದಲೇ ಬಂದದ್ದು. ಖಲಾಸಿಗಳು ತಮ್ಮ ಪಾಲಿಗೆಂದು ತುಂಬಾ ಆಮೆಗಳನ್ನು ಹಿಡಿದರು. ಊರಿನವರು ಒಂದಾದರೂ ಕೊಡಿ ಎಂದು ಕೇಳಿದರು. ಇವರು ಕೊಡಲಿಲ್ಲ. ಸಿಟ್ಟಿಗೆ ಅವರು ಡೇರೆಗಳ ಸುತ್ತ ಒಣಹುಲ್ಲಿಗೆ ಬೆಂಕಿ ಹಚ್ಚಿದರು. ಇವರು ಗುಂಡು ಹಾರಿಸಿದರು. ಆಮೇಲೆ ಒಬ್ಬ ಮುದುಕ ಮೊನೆ ಇಲ್ಲದ ಈಟಿ ಹಿಡಿದು ಮುಂದೆ ಬಂದ. ಮಾತಿಲ್ಲದೆ ಜಗಳ ನಿಂತಿತು. ಆ ಜಾಗದಲ್ಲಿ ಇಂದೂ ಆ ಮುದುಕನನ್ನು ನೆನೆಯುತ್ತಾರೆ.

ಬಟಾವಿಯ, ಅಂದರೆ ಇಂದಿನ ಜಕಾರ್ತ ಸೇರಿದ ಮೇಲೆ ಡಚ್ಚರ ಡಾಕ್‌ನಲ್ಲಿ ತಳವನ್ನು ಪೂರ್ತಿ ನೋಡಿದರು. ಹುಳ ಕೊರೆದು ಕೊರೆದು ಕೆಲವು ಹಲಗೆಗಳು ಒಂದು ಇಂಚಿನ ಎಂಟನೇ ಒಂದು ಪಾಲಿನಷ್ಟೇ ದಪ್ಪ ಉಳಿದಿದ್ದವು. ರಟ್ಟಿನಷ್ಟು ತೆಳುವಾದ ಮರದ ಮೇಲೆ ಅಷ್ಟು ದೂರ ಬಂದಿದ್ದರು! ಹಡಗನ್ನು ಚೆನ್ನಾಗಿಯೇ ರಿಪೇರಿ ಮಾಡಿದರು. ಜನ ಮಾತ್ರ ಉಳಿಯಲಿಲ್ಲ. ಅಲ್ಲಿಯ ಮಲೇರಿಯ ಮತ್ತು ರಕ್ತಭೇದಿಗೆ, ಅಲ್ಲೂ ಆಮೇಲಿನ ದಾರಿಯಲ್ಲೂ ಸೇರಿ ಸುಮಾರು ಮೂವತ್ತು ಜನ ಸತ್ತರು. ಟುಪಾಯಾ ಸತ್ತ. ಹಾಯಿಬಟ್ಟೆಯ ಉಪಾಯ ಹೇಳಿದ ಮಂಕ್‌ಹೌಸ್ ಕೂಡ ಸತ್ತ. 1771ರ ಜುಲೈನಲ್ಲಿ ಹಡಗು ಇಂಗ್ಲೆಂಡ್ ಮುಟ್ಟಿತು.

ಬ್ಯಾಂಕ್ಸ್‌ಗೆ ಮೆರವಣಿಗೆ, ಕುಕ್‌ಗೆ ಬಡ್ತಿ. ಹಡಗಿಗೆ ಮತ್ತೆ ಹೊರೆ. ದಕ್ಷಿಣ ಅಮೆರಿಕದ ತುದಿಯ ಫಾಕ್‌ಲ್ಯಾಂಡ್ ದ್ವೀಪದಲ್ಲಿ ಬ್ರಿಟಿಷರ ಒಂದು ಸಣ್ಣ ಕಾವಲುಪಡೆ ಇತ್ತು. ಅದಕ್ಕೆ ದಿನಸಿ ಸಾಗಿಸಲು ಎಂಡೆವರ್ ಮೂರು ಸಲ ಹೋಗಿ ಬಂತು. 1774ರಲ್ಲಿ ಆ ಕಾವಲನ್ನೇ ತೆಗೆದರು. 1775ರ ಮಾರ್ಚ್‌ನಲ್ಲಿ ಹಡಗನ್ನು 645 ಪೌಂಡಿಗೆ ಮಾರಿದರು. ಕೊಂಡ ಬೆಲೆಯ ಕಾಲು ಭಾಗವೂ ಅಲ್ಲ. ಭೂಮಿ ಸುತ್ತಿ ಬಂದದ್ದಕ್ಕೆ ಒಂದು ಕಾಸೂ ಹೆಚ್ಚು ಬರಲಿಲ್ಲ. ಬೆಲೆ ಕಟ್ಟಿದ್ದು ಮರಕ್ಕೆ ಮಾತ್ರ.

ಕೊಂಡವನು ಮಾದರ್ ಎಂಬ ಹಡಗು ವ್ಯಾಪಾರಿ. ರಷ್ಯಾದ ಉತ್ತರ ತುದಿಯ ಅರ್ಖಾಂಗೆಲ್ಸ್ಕ್‌ಗೆ ಒಮ್ಮೆ ಕಳಿಸಿದ. ಅಷ್ಟರಲ್ಲಿ ಅಮೆರಿಕದ ವಸಾಹತುಗಳು ದಂಗೆ ಎದ್ದವು. ಸೈನ್ಯ ಸಾಗಿಸಲು ಸರ್ಕಾರಕ್ಕೆ ಬಾಡಿಗೆ ಹಡಗು ಬೇಕಾಯಿತು. ಮಾದರ್ ಇದನ್ನು ಮುಂದಿಟ್ಟ. ಡೆಪ್ಟ್‌ಫರ್ಡ್‌ನ ಅಧಿಕಾರಿಗಳು ಬೇಡ ಎಂದರು. ಅವನು ಹೆಸರು ಬದಲಿಸಿದ. ‘ಲಾರ್ಡ್ ಸ್ಯಾಂಡ್‌ವಿಚ್’, ಆಗ ನೌಕಾಖಾತೆ ನೋಡಿಕೊಳ್ಳುತ್ತಿದ್ದ ದೊಡ್ಡ ಮನುಷ್ಯನ ಹೆಸರು. ಮತ್ತೆ ತಂದ. ಅಧಿಕಾರಿಗಳು ಗುರುತು ಹಿಡಿದರು. ಇದು ನಾವೇ ಮಾರಿದ ಎಂಡೆವರ್, ಹಿಂದೆಯೂ ಬೇಡ ಅಂದಿದ್ದೆವು, ಕೆಲಸಕ್ಕೆ ಬಾರದು ಎಂದು ಕಡತದಲ್ಲಿ ಬರೆದರು. ಆ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಎರಡು ಶತಮಾನ ಕಳೆದ ಮೇಲೆ ಅದೇ ಸಾಲು ಈ ಹಡಗಿನ ಕೊನೆಯನ್ನು ತಿಳಿಸಿತು.

ಕೊನೆಗೆ ಚೆನ್ನಾಗಿ ರಿಪೇರಿ ಮಾಡಿಸಿದ ಮೇಲೆ 1776ರ ಆರಂಭದಲ್ಲಿ ಒಪ್ಪಿಕೊಂಡರು. ಮೇ ತಿಂಗಳಲ್ಲಿ 206 ಜನರನ್ನು ತುಂಬಿಕೊಂಡು ಅಮೆರಿಕಕ್ಕೆ ಹೊರಟಿತು. ಅವರಲ್ಲಿ ಹೆಚ್ಚಿನವರು ಜರ್ಮನಿಯ ಹೆಸ್ಸೆ ನಾಡಿನವರು. ಅವರ ದೊರೆ ಹಣ ಪಡೆದು ಅವರನ್ನು ಬ್ರಿಟಿಷ್ ರಾಜನಿಗೆ ಬಾಡಿಗೆಗೆ ಕೊಟ್ಟಿದ್ದ. 94 ಜನಕ್ಕೇ ಇಕ್ಕಟ್ಟಾಗಿದ್ದ ಹಡಗು. ಅದರಲ್ಲಿ ತಿಂಗಳುಗಟ್ಟಲೆ ಅಟ್ಲಾಂಟಿಕ್ ದಾಟಿದ ಆ ರೈತರ ಮಕ್ಕಳನ್ನು ನೆನೆದರೆ ಸಂಕಟ ಆಗುತ್ತದೆ.

ಮುಂದೆ ರೋಡ್ ಐಲೆಂಡ್‌ನ ನ್ಯೂಪೋರ್ಟ್ ಬಂದರಿಗೆ ಹೋಯಿತು. ಅಲ್ಲಿ ಅದನ್ನು ಸೆರೆಮನೆ ಮಾಡಿದರು. ದಂಗೆಕೋರರು, ದಂಗೆಕೋರರ ಕಡೆಯವರು ಎಂದು ಅನುಮಾನ ಬಂದ ಊರವರು, ಎಲ್ಲರನ್ನೂ ಆ ಹೊಟ್ಟೆಯೊಳಗೆ ಹಾಕಿದರು.

1778ರ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕದ ಜೊತೆ ಸೇರಿತು. ಜುಲೈ ಕೊನೆಯಲ್ಲಿ ಫ್ರೆಂಚ್ ಅಡ್ಮಿರಲ್ ದೆಸ್ತೇನ್‌ನ ಹಡಗು ಪಡೆ ನ್ಯೂಪೋರ್ಟ್ ಮುಂದೆ ಬಂತು. ಅದು ಒಳಗೆ ಬಾರದಿರಲಿ ಎಂದು ಬ್ರಿಟಿಷರು ತಮ್ಮ ಹಡಗುಗಳಿಗೇ ತೂತು ಕೊರೆದು ಬಂದರಿನ ದಾರಿಯಲ್ಲಿ ಸಾಲಾಗಿ ಮುಳುಗಿಸಿದರು. ಆಗಸ್ಟ್ ಮೊದಲ ವಾರ. ಆ ಸಾಲಿನಲ್ಲಿ ಲಾರ್ಡ್ ಸ್ಯಾಂಡ್‌ವಿಚ್ ಒಂದು. ಇಲ್ಲಿ ನಮ್ಮ ಕಡೆಯ ಒಂದು ನೆನಪು ಸೇರಿಸುತ್ತೇನೆ. ಫ್ರೆಂಚರು ಕಾಳಗಕ್ಕಿಳಿದ ಇದೇ ಕಾರಣಕ್ಕೆ ಬ್ರಿಟಿಷರು 1779ರಲ್ಲಿ ಮಲಬಾರ್ ತೀರದ ಮಾಹೆಯನ್ನು ಹಿಡಿದರು. ಹೈದರಾಲಿಗೆ ಆಯುಧ ಬರುತ್ತಿದ್ದದ್ದು ಆ ಬಂದರಿನಿಂದ. ಬೇಡ ಅಂದರೂ ಕೇಳಲಿಲ್ಲ ಎಂದು ಅವನು ಕೆರಳಿದ. 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರುವಾಯಿತು. ನ್ಯೂಪೋರ್ಟ್‌ನಲ್ಲಿ ಈ ಹಡಗನ್ನು ಮುಳುಗಿಸಿದ ಜಗಳದ ಬಿಸಿಯೇ ಶ್ರೀರಂಗಪಟ್ಟಣಕ್ಕೂ ತಟ್ಟಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಎಂಡೆವರ್ ಫ್ರೆಂಚರ ತಿಮಿಂಗಿಲ ಬೇಟೆಯ ಹಡಗಾಗಿ ನ್ಯೂಪೋರ್ಟ್‌ನಲ್ಲೇ ಕೊಳೆತು ಹೋಯಿತು ಎಂದು ತುಂಬಾ ಕಾಲ ನಂಬಿದ್ದರು. 1990ರ ದಶಕದಲ್ಲಿ ಕಡತಗಳನ್ನು ಜೋಡಿಸಿ ನೋಡಿದಾಗ ಲಾರ್ಡ್ ಸ್ಯಾಂಡ್‌ವಿಚ್ಚೇ ಎಂಡೆವರ್ ಎಂದು ಖಚಿತವಾಯಿತು. ಡೆಪ್ಟ್‌ಫರ್ಡ್ ಅಧಿಕಾರಿಗಳ ಆ ಸಾಲು ಆಗ ಕೆಲಸಕ್ಕೆ ಬಂತು. ರೋಡ್ ಐಲೆಂಡ್‌ನ ಸಂಶೋಧಕರು ಮತ್ತು ಆಸ್ಟ್ರೇಲಿಯಾದ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದವರು ವರ್ಷಗಟ್ಟಲೆ ನೀರಿನಡಿ ಹುಡುಕಿದರು. 2022ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯ ‘ಸಿಕ್ಕಿದೆ’ ಎಂದು ಘೋಷಿಸಿತು. ರೋಡ್ ಐಲೆಂಡ್‌ನವರು ‘ಈಗಲೇ ಹಾಗೆ ಹೇಳಬೇಡಿ’ ಎಂದರು. 2025ರಲ್ಲಿ ವಸ್ತುಸಂಗ್ರಹಾಲಯ ತನ್ನ ಮಾತನ್ನು ಮತ್ತೆ ಗಟ್ಟಿಯಾಗಿ ಹೇಳಿತು.

ಇಬ್ಬರ ಮಾತಿಗೂ ಅರ್ಥ ಇದೆ. ಹೆಸರು ಕೊರೆದ ಗಂಟೆಯಂಥ ವಸ್ತು ಅಲ್ಲಿ ಸಿಕ್ಕಿಲ್ಲ. ಒಡಲಿನಲ್ಲಿ ಉಳಿದಿರುವುದು ಸುಮಾರು 15 ಶೇಕಡಾ ಮಾತ್ರ. ಆದರೆ ಮರಗಳ ದಪ್ಪ 1768ರಲ್ಲಿ ಅಳೆದು ಬರೆದಿಟ್ಟ ಲೆಕ್ಕಕ್ಕೆ ಕೂಡುತ್ತದೆ. ತಳಮರ ಮತ್ತು ಮೂತಿಮರ ಸೇರುವ ಜಾಗದ ಬಡಗಿ ಕೆಲಸ ಹಳೇ ನಕ್ಷೆಯಂತೆಯೇ ಇದೆ. ಮರ ಯುರೋಪಿನದು. ಆ ಭಾಗದಲ್ಲಿ ಒಟ್ಟಿಗೆ ಮುಳುಗಿಸಿದ ಐದು ಹಡಗುಗಳಲ್ಲಿ ಲಾರ್ಡ್ ಸ್ಯಾಂಡ್‌ವಿಚ್ ಎಲ್ಲಕ್ಕಿಂತ ದೊಡ್ಡದು, ಸಿಕ್ಕ ಅವಶೇಷವೂ ದೊಡ್ಡದು. ಒಂದೊಂದನ್ನೇ ನೋಡಿದರೆ ಯಾವುದೂ ಸಾಕಾಗದು. ಎಲ್ಲ ಸೇರಿಸಿ ನೋಡಿದರೆ ಅದು ಬೇರೆ ಹಡಗು ಎನ್ನುವುದೇ ಕಷ್ಟ. ನಾನು ನಂಬುವವರ ಕಡೆ. ಆದರೆ ಬೇಗ ಆಗಬೇಕಾದ ಕೆಲಸ ಬೇರೆ ಇದೆ. ಅದೇ ಮರ ಕೊರೆಯುವ ಹುಳ ಅಲ್ಲೂ ಇದೆ. ಉಳಿದಷ್ಟನ್ನು ಅದು ಈಗಲೂ ತಿನ್ನುತ್ತಿದೆ. ವಾದ ಮುಗಿಯುವ ತನಕ ಅದು ಕಾಯುವುದಿಲ್ಲ.

ಕಣ್ಣಾರೆ ನೋಡುವ ಆಸೆ ಇದ್ದರೆ ದಾರಿ ಇದೆ. ಹವಳದ ದಿಬ್ಬದ ಮೇಲೆ ಎಸೆದ ಆರು ತೋಪುಗಳನ್ನೂ 1969ರಲ್ಲಿ ಮೇಲೆತ್ತಿದರು. ಒಂದು ಕುಕ್‌ಟೌನ್‌ನಲ್ಲಿದೆ, ಒಂದು ಲಂಡನ್ನಿನ ಗ್ರೀನಿಚ್‌ನಲ್ಲಿದೆ. ಸಿಡ್ನಿಯಲ್ಲಿ ಎಂಡೆವರ್‌ನ ಅದೇ ಅಳತೆಯ ಪ್ರತಿಕೃತಿ ನಿಂತಿದೆ, 1993ರಲ್ಲಿ ನೀರಿಗಿಳಿಸಿದ್ದು. ಎಲ್ಲರೂ ಕುಕ್‌ನ ಕೋಣೆ ನೋಡಿ ಫೋಟೊ ತೆಗೆದು ಬರುತ್ತಾರೆ. ನೀವು ಹೋದರೆ ಇನ್ನೂ ಕೆಳಗೆ, ತಳದ ತನಕ ಇಳಿಯಿರಿ. ಅಲ್ಲಿ ಈಗ ಎಂಜಿನ್ ಇದೆ, ಅಡುಗೆಮನೆ ಇದೆ. ಅರ್ಲ್ ಆಫ್ ಪೆಂಬ್ರೋಕ್‌ನಲ್ಲಿ ಆ ಜಾಗದ ತುಂಬ ಕಲ್ಲಿದ್ದಲು ಇರುತ್ತಿತ್ತು.